ಗಾಡಿಯ ಪಾರ್ಟ್ ಊರಲ್ಲೇ ತೆಗೆದುಕೊಳ್ಳುವುದಾ, ಹೊರದೇಶದಿಂದ ತರಿಸುವುದಾ?

ಗಾಡಿಯಲ್ಲಿ ಏನೋ ಒಂದು ಹೋಯಿತು ಅಂದ ಕೂಡಲೇ ಈಗ ನಾವೆಲ್ಲ ಮೊದಲು ಮಾಡುವ ಕೆಲಸ ಫೋನಿನಲ್ಲಿ ಹುಡುಕುವುದು. ಶೋರೂಮಿನಲ್ಲಿ ಹೇಳಿದ ರೇಟಿನ ಅರ್ಧಕ್ಕೆ ಅದೇ ಪಾರ್ಟ್ ಚೀನಾದಲ್ಲೋ ಜರ್ಮನಿಯಲ್ಲೋ ದುಬೈಯಲ್ಲೋ ಕಾಣುತ್ತದೆ, ಫೋಟೋ ಕೂಡ ಚಂದ ಇರುತ್ತದೆ, ಕೈ ತಡೆಯುವುದಿಲ್ಲ. ನಾನು ಉಡುಪಿಯಲ್ಲಿ ಹತ್ತು ಹನ್ನೆರಡು ವರ್ಷದಿಂದ ಹಳೆ ಗಾಡಿಗಳನ್ನೇ ಓಡಿಸಿಕೊಂಡು ಬಂದವನು. ಎರಡೂ ದಾರಿಯಲ್ಲಿ ಪಾರ್ಟ್ ತಂದಿದ್ದೇನೆ. ಎರಡರಲ್ಲೂ ದುಡ್ಡು ಉಳಿದದ್ದೂ ಉಂಟು, ಹೋದದ್ದೂ ಉಂಟು. ನನ್ನ ಅನುಭವದಲ್ಲಿ ಹೆಚ್ಚಿನ ಸಾಮಾನು ಇಲ್ಲೇ ಸಿಗುತ್ತದೆ, ಇಲ್ಲೇ ತೆಗೆದುಕೊಳ್ಳಬೇಕು. ಕೆಲವೇ ಕೆಲವನ್ನು ಹೊರಗಿಂದ ತರಿಸುವುದರಲ್ಲಿ ಅರ್ಥ ಇದೆ, ಆ ಕೆಲವು ಯಾವುದು ಅಂತ ಗೊತ್ತು ಮಾಡಿಕೊಳ್ಳುವುದರಲ್ಲೇ ಎಲ್ಲ ಇರುವುದು.

ಮೊದಲು ನಂಬರ್. "ಸ್ವಿಫ್ಟ್‌ದು ಬ್ರೇಕ್ ಪ್ಯಾಡ್ ಕೊಡಿ" ಅಂತ ಹೋದರೆ ಅಂಗಡಿಯವರು ಕೇಳುವುದೇ "ಯಾವ ವರ್ಷದ್ದು, ಪೆಟ್ರೋಲಾ ಡೀಸೆಲಾ?" ಅಂತ. ಒಂದೇ ಹೆಸರಿನ ಗಾಡಿಗೆ ವರ್ಷ ಬದಲಾದಂತೆ ಪಾರ್ಟ್ ಬದಲಾಗಿರುತ್ತದೆ, ಕೆಲವು ಸಲ ವರ್ಷದ ನಡುವೆಯೇ. ಹಾಗಾಗಿ ಆರ್‌ಸಿಯಲ್ಲಿರುವ ಚಾಸಿ ನಂಬರಿನ ಫೋಟೋ ಫೋನಿನಲ್ಲಿ ಇಟ್ಟುಕೊಳ್ಳಿ. ಶೋರೂಮಿನ ಪಾರ್ಟ್ಸ್ ಕೌಂಟರಿನಲ್ಲಿ ಅದನ್ನು ತೋರಿಸಿದರೆ ಅವರು ಕಂಪ್ಯೂಟರ್ ನೋಡಿ ನಿಮ್ಮ ಗಾಡಿಗೆ ಬರುವ ಪಾರ್ಟ್ ನಂಬರ್ ಹೇಳುತ್ತಾರೆ, ಎಂಆರ್‌ಪಿ ಕೂಡ ಹೇಳುತ್ತಾರೆ. ಅಲ್ಲೇ ತೆಗೆದುಕೊಳ್ಳಬೇಕು ಅಂತ ಏನಿಲ್ಲ, ಎರಡನ್ನೂ ಬರೆದುಕೊಂಡು ಬನ್ನಿ. ಹಳೆ ಪಾರ್ಟಿನ ಮೇಲೂ ನಂಬರ್ ಅಚ್ಚಾಗಿರುತ್ತದೆ. ನಮ್ಮ ಕಡೆಯ ಕೆಂಪು ಮಣ್ಣು, ಉಪ್ಪು ಗಾಳಿಯ ತುಕ್ಕು ಎರಡೂ ಸೇರಿ ಅದು ಕಾಣದ ಹಾಗೆ ಆಗಿರುತ್ತದೆ ಅಷ್ಟೇ. ಸ್ವಲ್ಪ ಡೀಸೆಲ್ ಹಾಕಿ ಹಳೆ ಟೂತ್‌ಬ್ರಷ್‌ನಲ್ಲಿ ಉಜ್ಜಿದರೆ ಮೂಡುತ್ತದೆ. ಈ ನಂಬರ್ ಇಲ್ಲದೆ ಬರೀ ಫೋಟೋ ನೋಡಿ ಹೊರದೇಶದಿಂದ ತರಿಸಲೇಬೇಡಿ.

ನಂಬರ್ ಸಿಕ್ಕಿದ ಮೇಲೆ ಊರಿನ ಸ್ಪೇರ್ ಪಾರ್ಟ್ಸ್ ಅಂಗಡಿಗೆ ಹೋಗಿ. ಅಲ್ಲಿ ಒಂದೇ ಪಾರ್ಟ್ ಮೂರು ರೇಟಿನಲ್ಲಿ ಇರುತ್ತದೆ. ಒಂದು ಕಂಪನಿ ಪ್ಯಾಕೆಟ್. ಇನ್ನೊಂದು, ಗಾಡಿ ಕಂಪನಿಗೆ ಆ ಪಾರ್ಟ್ ಮಾಡಿಕೊಡುವವರೇ ತಮ್ಮ ಹೆಸರಿನ ಡಬ್ಬಿಯಲ್ಲಿ ಮಾರುವುದು. ಮೂರನೆಯದು ಡೂಪ್ಲಿಕೇಟ್. ಎಷ್ಟೋ ಜನಕ್ಕೆ ಈ ನಡುವಿನದ್ದು ಗೊತ್ತೇ ಇಲ್ಲ, ಗೊತ್ತಿರಬೇಕಾದದ್ದು ಅದೇ. ಬಾಷ್, ವ್ಯಾಲಿಯೋ, ಲುಮ್ಯಾಕ್ಸ್, ಗೇಬ್ರಿಯಲ್ ಇವರೆಲ್ಲ ಗಾಡಿ ಕಂಪನಿಗಳಿಗೂ ಕೊಡುತ್ತಾರೆ, ಅಂಗಡಿಗೂ ಕೊಡುತ್ತಾರೆ. ನಿಮ್ಮ ಹಳೆ ಪಾರ್ಟಿನ ಮೇಲೆ ಗಾಡಿ ಕಂಪನಿಯ ಗುರುತಿನ ಪಕ್ಕದಲ್ಲಿ ಇಂಥ ಇನ್ನೊಂದು ಹೆಸರು ಇದ್ದರೆ, ಆ ಹೆಸರನ್ನು ಹೇಳಿಯೇ ಕೇಳಿ. ಬೈಕಿನವರಿಗೆ ಒಂದು ಮಾತು. ಬ್ರೆಂಬೋ ಅನ್ನುವ ಇಟಲಿ ಕಂಪನಿಯ ಬ್ರೇಕ್ ಸಾಮಾನು ಹೊರಗಿಂದ ತರಿಸಲು ಹೊರಡುವ ಮೊದಲು ನಿಮ್ಮ ಕ್ಯಾಲಿಪರ್ (ಬ್ರೇಕ್ ಪ್ಯಾಡ್ ಕೂರುವ ಭಾಗ) ಮೇಲೆ ಬೈಬ್ರೆ ಅಂತ ಇದೆಯಾ ನೋಡಿ. ಅದು ಬ್ರೆಂಬೋದವರದ್ದೇ, ಅದರ ಪ್ಯಾಡ್ ಇಲ್ಲಿಯೇ ಸಿಗುತ್ತದೆ.

ಡೂಪ್ಲಿಕೇಟ್ ಗುರುತಿಸುವುದು ಕೌಂಟರಿನಲ್ಲೇ ಆಗಬೇಕು, ಮನೆಗೆ ಬಂದ ಮೇಲೆ ಅಲ್ಲ. ಹಳೆ ಪಾರ್ಟ್ ಒಂದು ಬಟ್ಟೆಯಲ್ಲಿ ಸುತ್ತಿ ತೆಗೆದುಕೊಂಡು ಹೋಗಿ, ಎರಡನ್ನೂ ಅಕ್ಕಪಕ್ಕ ಇಡಿ. ಸ್ಪಾರ್ಕ್ ಪ್ಲಗ್ ಆದರೆ ಸ್ಕ್ರೂವಿನ ಹಾಗೆ ಥ್ರೆಡ್ ಇರುವ ಭಾಗದಲ್ಲಿ ಉಗುರು ಓಡಿಸಿ ನೋಡಿ, ಒಳ್ಳೆಯದು ನುಣ್ಣಗೆ ಇರುತ್ತದೆ, ನಕಲಿಯದ್ದು ತರಿತರಿ ಸಿಗುತ್ತದೆ. ಕೆಳಗಿನ ಬಾಗಿದ ತುದಿ ನಡುವಿನ ಕಡ್ಡಿಗೆ ಸರಿಯಾಗಿ ಎದುರು ಇರಬೇಕು, ಒಂದು ಕಡೆಗೆ ಸರಿದಿರಬಾರದು. ಅದರ ವಾಷರ್ ಸುಮ್ನೆ ಕೈಯಲ್ಲಿ ತಿರುಗಿಸಿದರೆ ಕಳಚಿ ಬಂದರೆ ನನಗೆ ಅನುಮಾನ. ಕ್ಲಚ್ ಕೇಬಲ್ ಆದರೆ ಒಳಗಿನ ತಂತಿ ಎಳೆದು ಬಿಡಿ, ಎಲ್ಲೂ ಹಿಡಿಯದೆ ಜಾರಬೇಕು. ಪ್ಯಾಕೆಟ್ ಮೇಲೆ ಎಂಆರ್‌ಪಿ, ತಯಾರಿಸಿದವರ ವಿಳಾಸ ಇರಲೇಬೇಕು. ಹೊರದೇಶದ ಪಾರ್ಟ್ ಆದರೆ ಯಾವ ದೇಶದ್ದು, ಇಲ್ಲಿಗೆ ತರಿಸಿದವರು ಯಾರು ಅಂತ ಸ್ಟಿಕ್ಕರ್ ಇರಬೇಕು. ಅದು ಇಲ್ಲ ಅಂದರೆ ತೆಗೆದುಕೊಳ್ಳಬೇಡಿ. ಬಿಲ್ ಕೇಳಿ, ಜಿಎಸ್‌ಟಿ ಬಿಲ್. 2025ರ ಸೆಪ್ಟೆಂಬರ್ 22ರಿಂದ ಪಾರ್ಟ್‌ಗಳ ಮೇಲಿನ ಜಿಎಸ್‌ಟಿ 28ರಿಂದ 18 ಪರ್ಸೆಂಟಿಗೆ ಇಳಿದಿದೆ. ಹಳೆ ಎಂಆರ್‌ಪಿ ಇರುವ ಪ್ಯಾಕೆಟ್ ಕೊಟ್ಟರೆ ಅದನ್ನು ನೆನಪು ಮಾಡಿ.

ಬೇರಿಂಗ್, ಆಯಿಲ್ ಸೀಲ್ ಬೇಕಾದಾಗ ಗಾಡಿಯ ಹೆಸರು ಹೇಳಬೇಕು ಅಂತಲೂ ಇಲ್ಲ. ಇದು ನನಗೆ ಗೊತ್ತಾಗಲು ತುಂಬಾ ವರ್ಷ ಬೇಕಾಯಿತು. ಬೇರಿಂಗಿನ ಅಂಚಿನಲ್ಲಿ ಸಣ್ಣದಾಗಿ 6203 ಅಂತಲೋ 6301 ಅಂತಲೋ ಕೊರೆದಿರುತ್ತದೆ. ಅದು ಗಾಡಿಯ ನಂಬರಲ್ಲ, ಅಳತೆಯ ನಂಬರ್. 6203 ಅಂದರೆ ಒಳಗೆ 17 ಮಿಲಿಮೀಟರ್, ಹೊರಗೆ 40, ದಪ್ಪ 12. ಪ್ರಪಂಚದಲ್ಲಿ ಎಲ್ಲಿ ಹೋದರೂ ಅಷ್ಟೇ. ಸೀಲಿನ ಮೇಲೂ ಹೀಗೆಯೇ ಮೂರು ಅಳತೆ ಬರೆದಿರುತ್ತದೆ. ಹೊರದೇಶದ ಬೈಕಿನ ಚಕ್ರದ ಬೇರಿಂಗ್ ಬೇಕು ಅಂತ ತಿಂಗಳುಗಟ್ಟಲೆ ಕಾದವರನ್ನು ನೋಡಿದ್ದೇನೆ, ಅದೇ ಬೇರಿಂಗ್ ಮಲ್ಪೆಯಲ್ಲಿ ಬೋಟಿನ ಎಂಜಿನ್ ರಿಪೇರಿಯವರಿಗೆ ಸಾಮಾನು ಕೊಡುವ ಅಂಗಡಿಯಲ್ಲಿ, ಇಲ್ಲ ಮಂಗಳೂರಿನ ಬಂದರಿನಲ್ಲಿ, ಒಳ್ಳೆ ಕಂಪನಿಯದ್ದೇ ಸಿಗುತ್ತದೆ. ಜೂನ್, ಜುಲೈಯಲ್ಲಿ ಮಾತ್ರ ಬೆಳಿಗ್ಗೆ ಬೇಗ ಹೋಗಿ. ಆ ಎರಡು ತಿಂಗಳು ಮೀನುಗಾರಿಕೆಗೆ ರಜೆ, ಬೋಟುಗಳ ರಿಪೇರಿ ಎಲ್ಲ ಆಗಲೇ ನಡೆಯುವುದರಿಂದ ಅಲ್ಲಿ ರಶ್ ಜಾಸ್ತಿ.

ಊರಲ್ಲಿ ಸಿಗಲಿಲ್ಲ ಅಂದರೆ ಕೂಡಲೇ ಹೊರದೇಶ ಅಲ್ಲ, ಮೊದಲು ಬೆಂಗಳೂರು. ಜೆಸಿ ರಸ್ತೆಯ ಅಂಗಡಿಗೆ ಪಾರ್ಟ್ ನಂಬರ್ ವಾಟ್ಸಾಪ್ ಮಾಡಿ, ದುಡ್ಡು ಕಳಿಸಿ, ಸಂಜೆಯೊಳಗೆ ಅವರು ಬಸ್ಸಿಗೆ ಹಾಕಿದರೆ ಬೆಳಿಗ್ಗೆ ಉಡುಪಿಯಲ್ಲಿ ಪಾರ್ಸೆಲ್ ಕೈಗೆ ಸಿಗುತ್ತದೆ. ಖಾಸಗಿ ಬಸ್ಸಿನವರು ತರುತ್ತಾರೆ, ಕೆಎಸ್‌ಆರ್‌ಟಿಸಿಯಲ್ಲೂ 2021ರಿಂದ ನಮ್ಮ ಕಾರ್ಗೋ ಅಂತ ಇದೆ. ಮಳೆಗಾಲದಲ್ಲಿ ಶಿರಾಡಿ ಘಾಟಿಯಲ್ಲಿ ಗುಡ್ಡ ಜರಿದರೆ ಒಂದೆರಡು ದಿನ ತಡ ಆಗಬಹುದು, ಆದರೂ ಹೊರದೇಶದ ಪಾರ್ಸೆಲ್ಲಿಗಿಂತ ಎಷ್ಟೋ ಬೇಗ. ಅಲ್ಲೂ ಇಲ್ಲ ಅಂದರೆ ದೆಹಲಿಯ ಕಾಶ್ಮೀರಿ ಗೇಟ್, ಬೈಕಿಗಾದರೆ ಕರೋಲ್ ಬಾಗ್, ಹಳೆ ಪಾರ್ಟಿಗೆ ಚೆನ್ನೈಯ ಪುದುಪೇಟೆ. ಇಷ್ಟು ಕಡೆ ಕೇಳಿ ನೋಡಲು ಒಂದು ದಿನ ಸಾಕು.

ಬುಷ್, ಪಿನ್, ಬ್ರಾಕೆಟ್ ಥರದ್ದು ಆದರೆ ಲೇತ್‌ನವರ ಹತ್ತಿರ ಹೋಗಿ. ಮಂಗಳೂರಿನ ಬೈಕಂಪಾಡಿಯಲ್ಲಿ, ಮಣಿಪಾಲದ ಇಂಡಸ್ಟ್ರಿಯಲ್ ಏರಿಯಾದಲ್ಲಿ ಹಳೆಯದನ್ನು ನೋಡಿ ಅದೇ ಅಳತೆಗೆ ಮಾಡಿಕೊಡುವ ಕೈಗಳಿವೆ. ನಾಲ್ಕು ನೂರು ರೂಪಾಯಿಗೆ ಮುಗಿಯುವ ಕೆಲಸಕ್ಕೆ ನಾವು ತೈವಾನ್‌ಗೆ ದುಡ್ಡು ಕಳಿಸುವುದು ಯಾಕೆ? ಬ್ರೇಕ್, ಸ್ಟೇರಿಂಗ್ ಪಾರ್ಟ್ ಮಾತ್ರ ಲೇತಿನಲ್ಲಿ ಮಾಡಿಸಬೇಡಿ. ಗುಜರಿಯಿಂದ ಬಾಗಿಲು, ಕನ್ನಡಿ, ಸೀಟು ತರಬಹುದು. ಬ್ರೇಕ್, ರಬ್ಬರ್ ಬೇಡ.

ಹಾಗಾದರೆ ಹೊರದೇಶ ಯಾವಾಗ? ನನ್ನ ಪ್ರಕಾರ ನಾಲ್ಕು ಒಟ್ಟಿಗೆ ಸೇರಿದಾಗ. ಪಾರ್ಟ್ ದೇಶದಲ್ಲೇ ಇಲ್ಲ, ಸಣ್ಣದು ಮತ್ತು ಹಗುರ, ಸ್ಟೇರಿಂಗ್ ಎಡವೋ ಬಲವೋ ಅನ್ನುವ ವ್ಯತ್ಯಾಸ ಇಲ್ಲ, ಒಂದು ತಿಂಗಳು ಗಾಡಿ ನಿಂತರೂ ಪರವಾಗಿಲ್ಲ. ಪಕ್ಕದ ಮನೆಯ ಅಣ್ಣನ ಷೆವರ್ಲೆ ಆಪ್ಟ್ರಾದಲ್ಲಿ ಎಂಜಿನ್ನಿನ ಕ್ಯಾಮ್ ಸೆನ್ಸರ್ ಹೋಯಿತು. ಆ ಕಂಪನಿ 2017ರ ಕೊನೆಗೆ ಇಲ್ಲಿ ಗಾಡಿ ಮಾರುವುದನ್ನೇ ನಿಲ್ಲಿಸಿದ್ದು. ಎಲ್ಲ ಕಡೆ ಕೇಳಿಯೂ ಆ ಸೆನ್ಸರ್ ಸಿಗಲಿಲ್ಲ. ಆದರೆ ಆಪ್ಟ್ರಾ ಅಂದರೆ ಕೊರಿಯಾದ ಡೇವೂ ಲಸೆಟ್ಟಿ. ಆ ಹೆಸರಿನಲ್ಲಿ, ಪಾರ್ಟ್ ನಂಬರ್ ಹಾಕಿ ಹುಡುಕಿದಾಗ ಸಾಲುಸಾಲು ಬಂತು. ಬೆಂಕಿಪೆಟ್ಟಿಗೆಗಿಂತ ಸ್ವಲ್ಪ ದೊಡ್ಡ ಸಾಮಾನು, ಸುಮಾರು ಮೂರು ವಾರಕ್ಕೆ ಬಂದು ಸರಿಯಾಗಿ ಕೂತಿತು. ಇಂಥದ್ದಕ್ಕೆ ಖಂಡಿತ ತರಿಸಿ.

ಹೀಗೆ ಹೊರದೇಶದ ಹೆಸರು ಗೊತ್ತಿರುವುದು ದೊಡ್ಡ ಉಪಕಾರ. ಮಾರುತಿ ಜಿಪ್ಸಿ ಇರುವವರು ಆಸ್ಟ್ರೇಲಿಯಾದಲ್ಲಿ ಸುಜುಕಿ ಸಿಯೆರಾ ಅಂತ ಹುಡುಕಿ, ಅಲ್ಲೂ ನಮ್ಮ ಹಾಗೆ ಬಲಗಡೆ ಸ್ಟೇರಿಂಗ್. ಮಾರುತಿಯ ಪಾರ್ಟ್ ನಂಬರಿನ ನಡುವೆ ಎಂ ಅಂತ ಒಂದು ಅಕ್ಷರ ಇರುತ್ತದೆ, ಸುಜುಕಿಯವರು ಬರೆಯುವಾಗ ಆ ಜಾಗದಲ್ಲಿ ಒಂದು ಗೆರೆ. ಅದನ್ನು ಬದಲಿಸಿ ಹಾಕಿದರೆ ಜಪಾನಿನ ಅಂಗಡಿಗಳೂ ಕಾಣುತ್ತವೆ. ಉಲ್ಟಾ ಕೂಡ ಇದೆ. ರಾಯಲ್ ಎನ್‌ಫೀಲ್ಡ್ ಪಾರ್ಟ್ ಅನ್ನು ಇಂಗ್ಲೆಂಡಿನಿಂದ ತರಿಸುವವರಿದ್ದಾರೆ. ಆ ಬೈಕು ಅಲ್ಲಿಗೆ ಹೋಗುವುದೇ ಚೆನ್ನೈಯಿಂದ. ಕೆಟಿಎಂನ ಸಣ್ಣ ಡ್ಯೂಕ್‌ಗಳೂ ಪುಣೆಯ ಹತ್ತಿರ ಚಾಕಣದಲ್ಲಿ ಆಗುವುದು. ಇಲ್ಲಿ ಆದ ಪಾರ್ಟಿಗೆ ಎರಡು ಸಲ ಸಮುದ್ರ ದಾಟಿದ ಖರ್ಚು ಕೊಡಬೇಡಿ.

ಎಡ ಬಲದ ವಿಷಯ ಬಿಡಿಸಿ ಹೇಳಬೇಕು, ನನ್ನ ದುಡ್ಡು ಹೋದದ್ದು ಅಲ್ಲೇ. ನನ್ನ ಫೋಕ್ಸ್‌ವ್ಯಾಗನ್ ಪೋಲೋದ ಹೆಡ್‌ಲೈಟ್ ಒಡೆದಿತ್ತು. ಇಲ್ಲಿಯ ರೇಟು ಕೇಳಿ ಬೇಸರವಾಗಿ, ಯುರೋಪಿನ ಒಬ್ಬ ಮಾರಾಟಗಾರರಿಂದ ಜೋಡಿ ತರಿಸಿದೆ. ಐದು ವಾರಕ್ಕೆ ಬಂತು. ಬೋಲ್ಟ್ ಸರಿ, ಕ್ಲಿಪ್ ಸರಿ, ಪ್ಲಗ್ ಸರಿ, ಎಲ್ಲ ಕೂತಿತು. ರಾತ್ರಿ ಮನೆಗೆ ಬಂದು ಅಂಗಳದಲ್ಲಿ ನಿಲ್ಲಿಸಿದಾಗ ಎದುರಿನ ಮುರಕಲ್ಲಿನ ಗೋಡೆ ಮೇಲೆ ಬೆಳಕು ಬಿತ್ತು. ಡಿಮ್ ಹಾಕಿದಾಗ ಬೆಳಕಿನ ಮೇಲಂಚು ಎಡಗಡೆ ಚಪ್ಪಟೆ ಇದ್ದು ಬಲಗಡೆ ಮೇಲಕ್ಕೆ ಏರಿತ್ತು. ನಮ್ಮ ಗಾಡಿಯಲ್ಲಿ ಇರಬೇಕಾದದ್ದು ಸರಿಯಾಗಿ ಇದರ ಉಲ್ಟಾ, ರಸ್ತೆಯ ಎಡಬದಿ, ಅಂದರೆ ನಡೆದು ಹೋಗುವವರು ಕಾಣುವ ಕಡೆ ಬೆಳಕು ಏರಬೇಕು, ಬಲಗಡೆ ತಗ್ಗಿರಬೇಕು. ಈ ಲೈಟ್ ಹಾಕಿ ಹೆದ್ದಾರಿಗೆ ಹೋದರೆ ಎದುರಿಂದ ಬರುವ ಬೈಕಿನವನ ಕಣ್ಣಿಗೇ ಹೊಡೆಯುತ್ತದೆ. ಮಾರನೆಯ ದಿನ ಮೆಕ್ಯಾನಿಕ್‌ಗೆ ತೋರಿಸಿದಾಗ ಅವರು, "ಸ್ಕ್ರೂ ತಿರುಗಿಸಿ ತಗ್ಗಿಸಬಹುದು, ಆದರೆ ಆಕಾರ ಬದಲಾಗುವುದಿಲ್ಲ ಅಣ್ಣ, ಮಳೆಯಲ್ಲಿ ನಿಮಗೂ ರಸ್ತೆ ಕಾಣುವುದಿಲ್ಲ" ಅಂದರು. ಬಿಚ್ಚಿಸಿದೆ. ವಾಪಸು ಕಳಿಸುವ ಖರ್ಚು ಕೇಳಿ ಸುಮ್ಮನಾದೆ, ಇವತ್ತಿಗೂ ಡಬ್ಬಿಯಲ್ಲಿದೆ. ಕೊನೆಗೆ ಲೈಟ್ ತೆಗೆದುಕೊಂಡದ್ದು ಮಂಗಳೂರಿನಲ್ಲೇ.

ನಂಬರ್ ಓದಲು ಗೊತ್ತಿದ್ದರೆ ಇದು ಆಗುತ್ತಿರಲಿಲ್ಲ. ಫೋಕ್ಸ್‌ವ್ಯಾಗನ್, ಸ್ಕೋಡಾದವರ ನಂಬರಿನಲ್ಲಿ ಮೂರನೆಯ ಜಾಗದಲ್ಲಿ 1 ಇದ್ದರೆ ಸಾಮಾನ್ಯವಾಗಿ ಎಡಗಡೆ ಸ್ಟೇರಿಂಗ್ ಗಾಡಿಯದ್ದು, 2 ಇದ್ದರೆ ಬಲಗಡೆಯದ್ದು, 0 ಇದ್ದರೆ ಎರಡಕ್ಕೂ. ಹೆಡ್‌ಲೈಟ್, ವೈಪರ್ ಲಿಂಕೇಜ್, ಡ್ಯಾಶ್‌ಬೋರ್ಡಿನ ಭಾಗ, ಡ್ರೈವರ್ ಬಾಗಿಲಿನ ಗಾಜಿನ ಸ್ವಿಚ್, ಸ್ಟೇರಿಂಗ್ ರ‍್ಯಾಕ್ ಇಷ್ಟಕ್ಕೂ ಎಡ ಬಲ ಇದೆ. ಇದು ನಮ್ಮ ಕರಾವಳಿಯವರಿಗೆ ಇನ್ನೂ ಮುಖ್ಯ, ಯಾಕೆಂದರೆ ನಮ್ಮಲ್ಲಿ ಪ್ರತಿ ಮನೆಗೂ ದುಬೈ, ಮಸ್ಕತ್, ಕುವೈತ್‌ನಲ್ಲಿ ಒಬ್ಬರು ಇರುತ್ತಾರೆ. "ಭಾವ ಬರುವಾಗ ತರುತ್ತಾರೆ" ಅನ್ನುವುದು ಸುಲಭ. ಆದರೆ ಗಲ್ಫ್‌ನಲ್ಲಿ ಎಲ್ಲ ಕಡೆ ಗಾಡಿ ರಸ್ತೆಯ ಬಲಕ್ಕೆ ಓಡುವುದು, ಸ್ಟೇರಿಂಗ್ ಎಡಕ್ಕೆ. ಫಿಲ್ಟರ್, ಸೆನ್ಸರ್, ಗ್ಯಾಸ್ಕೆಟ್ ತರಿಸಿ, ಲೈಟ್ ತರಿಸಬೇಡಿ. ಎಡ ಬಲ ಇರುವ ಪಾರ್ಟೇ ಬೇಕು ಅಂದರೆ ಇಂಗ್ಲೆಂಡ್, ಆಸ್ಟ್ರೇಲಿಯಾ, ಜಪಾನ್, ಥಾಯ್ಲೆಂಡ್, ಮಲೇಷ್ಯಾ, ದಕ್ಷಿಣ ಆಫ್ರಿಕಾ ನೋಡಿ, ಇವೆಲ್ಲ ನಮ್ಮ ಕಡೆಯವೇ.

ಸೂಟ್‌ಕೇಸಿನಲ್ಲಿ ತರುವವರಿಗೂ ಸುಂಕ ಇಲ್ಲದೆ ತರಲು ಒಂದು ಮಿತಿ ಇದೆ, ಬಿಲ್ ಜೊತೆಯಲ್ಲಿ ಇರಲಿ. ಗ್ಯಾಸ್ ತುಂಬಿದ ಶಾಕ್ ಅಬ್ಸಾರ್ಬರ್, ಏರ್‌ಬ್ಯಾಗ್, ಪೆಟ್ರೋಲ್ ವಾಸನೆ ಇರುವ ಹಳೆ ಕಾರ್ಬುರೇಟರ್ ಇಂಥದ್ದನ್ನು ಹೇಳಿ ಕಳಿಸಬೇಡಿ. ವಿಮಾನದಲ್ಲಿ ಅಪಾಯದ ಸಾಮಾನು ಅಂತ ತೆಗೆದಿಡುತ್ತಾರೆ. ಪಾಪ, ಊರಿಗೆ ಬರುವ ಖುಷಿಯಲ್ಲಿದ್ದವರು ನಮ್ಮ ದೆಸೆಯಿಂದ ಏರ್‌ಪೋರ್ಟಿನಲ್ಲಿ ಉತ್ತರ ಕೊಡುತ್ತಾ ನಿಲ್ಲಬೇಕಾಗುತ್ತದೆ.

ಈಗ ದುಡ್ಡಿನ ಲೆಕ್ಕ. ವೆಬ್‌ಸೈಟಿನಲ್ಲಿ ಕಾಣುವ ಬೆಲೆ ನಿಮ್ಮ ಬೆಲೆ ಅಲ್ಲ. ಪಾರ್ಟ್ 6,000 ರೂಪಾಯಿ, ಶಿಪ್ಪಿಂಗ್ 1,200 ಅಂತ ಇಟ್ಟುಕೊಳ್ಳಿ, ಒಟ್ಟು 7,200. ಸುಂಕ ಬೀಳುವುದು ಶಿಪ್ಪಿಂಗ್ ಸೇರಿಸಿದ ಮೊತ್ತಕ್ಕೆ. ಮೂಲ ಸುಂಕ 15 ಪರ್ಸೆಂಟ್ ಇದ್ದರೆ 1,080. ಅದರ ಮೇಲೆ ಹತ್ತು ಪರ್ಸೆಂಟ್ ಸಮಾಜ ಕಲ್ಯಾಣ ಸರ್ಚಾರ್ಜ್ 108. ಇಷ್ಟೂ ಸೇರಿದ 8,388ರ ಮೇಲೆ 18 ಪರ್ಸೆಂಟ್ ಐಜಿಎಸ್‌ಟಿ (ಆಮದಿಗೆ ಹಾಕುವ ಜಿಎಸ್‌ಟಿ), ಸುಮಾರು 1,510. ಅಲ್ಲಿಗೆ 9,898 ಆಯಿತು. ಕಾರ್ಡಿನವರು ವಿದೇಶಿ ಪೇಮೆಂಟಿಗೆ 3.5 ಪರ್ಸೆಂಟ್ ಹಿಡಿದರೆ, ಅದರ ಮೇಲಿನ ಜಿಎಸ್‌ಟಿಯೂ ಸೇರಿ ಇನ್ನೊಂದು 297. ಆರು ಸಾವಿರದ ಪಾರ್ಟ್ ಹತ್ತು ಸಾವಿರ ದಾಟಿತು, ಕೊರಿಯರ್‌ನವರ ಕ್ಲಿಯರೆನ್ಸ್ ಫೀ ಇನ್ನೂ ಸೇರಿಲ್ಲ. ಕಸ್ಟಮ್ಸ್‌ನಲ್ಲಿ ಯಾವ ಪಟ್ಟಿಯಡಿ ಪಾರ್ಸೆಲ್ ಹಾಕುತ್ತಾರೆ ಅನ್ನುವುದರ ಮೇಲೆ ಮೂಲ ಸುಂಕ ಬದಲಾಗುತ್ತದೆ, ಬಜೆಟ್ ಬಂದಾಗಲೂ ಬದಲಾಗುತ್ತದೆ. ಆರ್ಡರ್ ಮಾಡುವ ದಿನದ ದರ ನೋಡಿಕೊಂಡೇ ಲೆಕ್ಕ ಹಾಕಿ. ಈ ಕೊನೆಯ ಮೊತ್ತವನ್ನು ಶೋರೂಮಿನ ಎಂಆರ್‌ಪಿ ಪಕ್ಕದಲ್ಲಿ ಬರೆಯಿರಿ. ಹೊರಗಿನದ್ದು ಕಾಲುಭಾಗವಾದರೂ ಕಡಿಮೆ ಇಲ್ಲದಿದ್ದರೆ ನಾನು ತರಿಸುವುದಿಲ್ಲ.

"ಗಿಫ್ಟ್ ಅಂತ ಬರೆಸಿ, ಸುಂಕ ಬೀಳುವುದಿಲ್ಲ" ಅಂತ ಹೇಳುವವರು ಈಗಲೂ ಇದ್ದಾರೆ. 5,000 ರೂಪಾಯಿವರೆಗಿನ ಗಿಫ್ಟಿಗೆ ಇದ್ದ ಆ ವಿನಾಯಿತಿಯನ್ನು 2019ರ ಡಿಸೆಂಬರ್‌ನಲ್ಲೇ ತೆಗೆದಿದ್ದಾರೆ, ರಾಖಿ ಮತ್ತು ಜೀವ ಉಳಿಸುವ ಔಷಧಿಗೆ ಮಾತ್ರ ಬಿಟ್ಟರು. ಬೆಲೆ ಕಡಿಮೆ ಬರೆಸುವುದೂ ಬೇಡ. ಸಿಕ್ಕಿಬಿದ್ದರೆ ದಂಡ, ಪಾರ್ಸೆಲ್ ಕಳೆದುಹೋದರೆ ಆ ಕಡಿಮೆ ಬೆಲೆಗೇ ಪರಿಹಾರ.

ಕೆಲವನ್ನು ಹೊರಗಿಂದ ತರಿಸಲೇಬೇಡಿ. ಟೈರ್ ಆಮದಿಗೆ 2020ರ ಜೂನ್‌ನಿಂದ ನಿರ್ಬಂಧ ಇದೆ, ಮತ್ತೆ ಅದರ ತೂಕಕ್ಕೆ ಶಿಪ್ಪಿಂಗ್ ಕೂಡ ಜಾಸ್ತಿ. ಬ್ರೇಕ್ ಆಯಿಲ್, ಬ್ಯಾಟರಿ ಬೇಡ. ಬಳಸಿದ ಹಳೆ ಪಾರ್ಟ್ ತರಿಸಲು ಅನುಮತಿ ಬೇಕು, ಕಸ್ಟಮ್ಸ್‌ನಲ್ಲಿ ಸಿಕ್ಕಿಕೊಳ್ಳುತ್ತದೆ. ಹೆಸರು ಗೊತ್ತಿಲ್ಲದ ಕಂಪನಿಯ ಬ್ರೇಕ್ ಪ್ಯಾಡ್ ಎಷ್ಟೇ ಅಗ್ಗ ಇರಲಿ, ಬೇಡವೇ ಬೇಡ. ಆಗುಂಬೆ ಘಾಟಿ ಇಳಿಯುವಾಗ ಮಳೆಯಲ್ಲಿ ಬ್ರೇಕ್ ಒತ್ತಿ ಒತ್ತಿ ಬಂದವರಿಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ. ಸೈಲೆನ್ಸರ್, ಬಣ್ಣದ ಲೈಟ್ ಥರದ್ದು ತರಿಸುವ ಮೊದಲು ಮೋಟಾರು ವಾಹನ ಕಾಯ್ದೆಯ 52ನೇ ಕಲಂ ನೆನಪಿರಲಿ, ಕಂಪನಿ ಕೊಟ್ಟ ರೂಪ ಬದಲಿಸುವಂತಿಲ್ಲ.

ತರಿಸುವುದೇ ಅಂತ ತೀರ್ಮಾನ ಮಾಡಿದರೆ, ಮಾರುವವರಿಗೆ ಮೊದಲು ಒಂದು ಮೆಸೇಜ್ ಹಾಕಿ. ಪಾರ್ಟಿನ ಮೇಲಿನ ನಂಬರ್ ಕಾಣುವ ಹಾಗೆ ಫೋಟೋ ಕೇಳಿ. ಕಳಿಸಿದರೆ ಸಾಮಾನು ಅವರ ಕೈಯಲ್ಲಿ ಇದೆ ಅಂತ ಅರ್ಥ. ಎರಡು ದಿನವಾದರೂ ಕಳಿಸದಿದ್ದರೆ ಬೇರೆಯವರನ್ನು ನೋಡಿ. ಪ್ಯಾಕೆಟ್ ಮೇಲೆ ಪೂರ್ತಿ ಹೆಸರು ಆಧಾರ್‌ನಲ್ಲಿ ಇದ್ದ ಹಾಗೆಯೇ ಇರಲಿ, ಕೊರಿಯರ್‌ನವರು ಕೆವೈಸಿ ಕೇಳುತ್ತಾರೆ, ಹೆಸರು ಬೇರೆ ಇದ್ದರೆ ಅಲ್ಲೇ ನಿಲ್ಲುತ್ತದೆ. ಕೆವೈಸಿ ಲಿಂಕ್ ಅಂತ ಬಂದದ್ದನ್ನೆಲ್ಲ ಒತ್ತಬೇಡಿ, ಟ್ರ್ಯಾಕಿಂಗ್ ನಂಬರ್ ಹಾಕಿ ಕೊರಿಯರ್‌ನ ಸ್ವಂತ ಸೈಟಿಗೇ ಹೋಗಿ. ಕಾರ್ಡಿನಲ್ಲಿ ವಿದೇಶಿ ಪೇಮೆಂಟ್ ಆನ್ ಮಾಡಿ, ಕೆಲಸ ಆದ ಕೂಡಲೇ ಆಫ್ ಮಾಡಿ. ಪಾರ್ಸೆಲ್ ಬಂದಾಗ ಮುಚ್ಚಿದ ಡಬ್ಬಿಯಿಂದ ಹಿಡಿದು ಬಿಚ್ಚುವ ತನಕ ವಿಡಿಯೋ ಮಾಡಿ, ಒಡೆದಿದ್ದರೆ ನಿಮ್ಮ ಹತ್ತಿರ ಇರುವ ಸಾಕ್ಷಿ ಅದೊಂದೇ. ಊರಿನ ಅಂಗಡಿಯವರು ಕೇಳದಿದ್ದರೆ 1915ಕ್ಕೆ ಫೋನ್ ಮಾಡಬಹುದು, ಇಲ್ಲೇ ಗ್ರಾಹಕರ ಆಯೋಗಕ್ಕೆ ಹೋಗಬಹುದು. ಹೊರದೇಶದವರ ಮೇಲೆ ಅಷ್ಟು ಸುಲಭ ಅಲ್ಲ. ಊರಲ್ಲೂ ಎಲೆಕ್ಟ್ರಿಕಲ್ ಪಾರ್ಟನ್ನು ಹೆಚ್ಚಿನವರು ವಾಪಸು ತೆಗೆದುಕೊಳ್ಳುವುದಿಲ್ಲ, ಹಾಗಾಗಿ ಅದನ್ನು ಅಂಗಡಿಯಲ್ಲೇ ಚೆಕ್ ಮಾಡಿಸಿಕೊಂಡು ಬನ್ನಿ.

ಇನ್ನೊಂದು, ಗಾಡಿ ಓಡುವ ಸ್ಥಿತಿಯಲ್ಲಿದ್ದರೆ ಹೊಸ ಪಾರ್ಟ್ ಕೈಗೆ ಬರುವ ತನಕ ಬಿಚ್ಚಿಸಬೇಡಿ. ಪಾರ್ಟ್ ದಾರಿಯಲ್ಲಿದೆ ಅಂತ ಮೇ ಕೊನೆಗೆ ಎಂಜಿನ್ ಬಿಚ್ಚಿಸಿ, ಪಾರ್ಸೆಲ್ ಕಸ್ಟಮ್ಸ್‌ನಲ್ಲಿ ನಿಂತು, ಗ್ಯಾರೇಜಿನ ಹೊರಗೆ ಟಾರ್ಪಾಲಿನ ಅಡಿಯಲ್ಲಿ ಗಾಡಿ ಜುಲೈವರೆಗೆ ಇದ್ದದ್ದನ್ನು ನೋಡಿದ್ದೇನೆ. ಪಾರ್ಟ್ ಬರುವಾಗ ಬ್ರೇಕ್ ಡ್ರಮ್ ತುಕ್ಕು ಹಿಡಿದು ಅಂಟಿಕೊಂಡಿತ್ತು, ವೈರಿಂಗ್ ಇಲಿ ಕಡಿದಿತ್ತು. ಪಾರ್ಟ್ ಬಂದ ಮೇಲೆ ಗ್ಯಾರೇಜಿಗೆ ಕೊಂಡುಹೋಗಿ, ಹಳೆಯದನ್ನು ತೆಗೆಸಿ, ಮೇಜಿನ ಮೇಲೆ ಹೊಸತರ ಪಕ್ಕ ಇಟ್ಟು ತೂತು, ಪಿನ್, ಪ್ಲಗ್ಗಿನ ಕಾಲು ಎಲ್ಲ ಎಣಿಸಿ. ಸರಿ ಇದ್ದರೆ ಹಾಕಿಸಿ. ಹಳೆಯದನ್ನು ಎಸೆಯಬೇಡಿ, ನಂಬರ್ ಕಾಣುವ ಹಾಗೆ ಒರೆಸಿ ಡಿಕ್ಕಿಯಲ್ಲಿ ಇಡಿ.